ಚಂದ್ರಗಿರಿಯ ಕೂಗೆ ಬ್ರಹ್ಮದೇವ ಕಂಬ

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ತೆಂಗಿನ ತೋಟಗಳೂ ಕೆರೆಗಳೂ ಹಬ್ಬಿದ ಬಯಲಿನ ನಡುವೆ ದ್ವೀಪಗಳಂತೆ ಮೇಲೆದ್ದ ಎರಡು ಬಂಡೆಬೆಟ್ಟಗಳಿವೆ. ದೊಡ್ಡಬೆಟ್ಟವಾದ ವಿಂಧ್ಯಗಿರಿಯ ಗೊಮ್ಮಟನನ್ನು ಕಂಡು ಮರಳುವವರೇ ಹೆಚ್ಚಾದ್ದರಿಂದ, ಕಲ್ಯಾಣಿಯ ಇನ್ನೊಂದು ಬದಿಗಿರುವ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, ಬಹುಮಟ್ಟಿಗೆ ನಿರ್ಜನವಾಗಿಯೇ ಉಳಿದಿದೆ. ಅಲ್ಲಿನ ಬಸದಿಗಳ ಪ್ರಾಕಾರದ ದಕ್ಷಿಣ ಬಾಗಿಲ ಬಳಿ ನಿಂತಿರುವುದೇ ಕೂಗೆ ಬ್ರಹ್ಮದೇವ ಕಂಬ.

ತುದಿಯಲ್ಲಿ ಪೂರ್ವಾಭಿಮುಖವಾಗಿ ಕುಳಿತ ಬ್ರಹ್ಮದೇವನ ಪುಟ್ಟ ವಿಗ್ರಹವಿರುವ ಈ ಕಂಬದ ಪೀಠವನ್ನು ಮೂಲದಲ್ಲಿ ಎಂಟು ದಿಕ್ಕುಗಳಿಗೆ ಮುಖಮಾಡಿದ ಎಂಟು ಆನೆಗಳು ಹೊತ್ತಿದ್ದು, ಈಗ ಅವುಗಳಲ್ಲಿ ಕೆಲವು ಮಾತ್ರ ಉಳಿದಿವೆ. ರಾಷ್ಟ್ರಕೂಟರ ಪರವಾಗಿ ಹೋರಾಡಿ, ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ, ಅಂದರೆ ಆಹಾರವನ್ನು ಕ್ರಮವಾಗಿ ತ್ಯಜಿಸುವ ಜೈನವ್ರತದಿಂದ, ದೇಹಬಿಟ್ಟ ಗಂಗ ದೊರೆ ಇಮ್ಮಡಿ ಮಾರಸಿಂಹನ ಸ್ಮಾರಕಶಾಸನವನ್ನು ಕಂಬದ ನಾಲ್ಕು ಮುಖಗಳಲ್ಲೂ ಕೆತ್ತಲಾಗಿದೆ. ಆ ಮರಣದ ಕಾಲ ಕ್ರಿ.ಶ. 974, ಆತನ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಎದುರು ಬೆಟ್ಟದಲ್ಲಿ 58 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ್ದು ಅದರ ಬೆನ್ನಿಗೇ, ಸುಮಾರು 981ರಲ್ಲಿ.

ಇಂಥ ಕಲ್ಲಿನ ಛಾಯಾಚಿತ್ರಕ್ಕೆ ಬೆಳಕೇ ಮುಖ್ಯ ಸಾಧನ. ಬಿಸಿಲು ಎದುರಿನಿಂದ ನೇರವಾಗಿ ಬಿದ್ದರೆ ಅಕ್ಷರಗಳು ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತವೆ. ಮೇಲ್ಮೈಯನ್ನು ಸವರುವಂತೆ ಓರೆಯಾಗಿ ಬಿದ್ದಾಗ ಮಾತ್ರ ಪ್ರತಿ ಗೆರೆಯ ತಗ್ಗಿನಲ್ಲಿ ನೆರಳು ನಿಂತು ಸವೆದ ಒತ್ತಕ್ಷರವೂ ಎದ್ದು ಕಾಣುತ್ತದೆ. ಕಂಬದ ಉತ್ತರ ಮುಖಕ್ಕೆ ಇಂಥ ಬೆಳಕು ಸಿಗುವುದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಸೂರ್ಯನು ಪೂರ್ವದಿಂದ ಉತ್ತರಕ್ಕೆ ಸರಿದು ಹುಟ್ಟುವ ದಿನಗಳ ಬೆಳಗಿನಲ್ಲಿ. ದಕ್ಷಿಣ ಮುಖಕ್ಕೆ ಉಳಿದ ಅರ್ಧ ವರ್ಷದಲ್ಲಿ. ಹೀಗಾಗಿ ನಾಲ್ಕೂ ಮುಖಗಳನ್ನು ಒಂದೇ ಹೊತ್ತಿನಲ್ಲಿ ಚೆನ್ನಾಗಿ ಸೆರೆಹಿಡಿಯುವುದು ಅಸಾಧ್ಯ.

ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುವ ಕ್ರಮವಿದೆ. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಶಾಸನ ಸಂಪುಟದಿಂದಾಗಿ ಈ ಬರಹಗಳ ಪಾಠ ಲೋಕಕ್ಕೆ ದೊರೆಯಿತು. ಪಡಿಯಚ್ಚು ತಜ್ಞರ ಕೆಲಸ. ಸೀಮೆಸುಣ್ಣ ಬಳಿಯದೆ, ಕಲ್ಲನ್ನು ಮುಟ್ಟದೆ, ತೆಗೆದ ದಿನಾಂಕವನ್ನೂ ಮುಖದ ದಿಕ್ಕನ್ನೂ ಬರೆದಿಟ್ಟ ಛಾಯಾಚಿತ್ರವನ್ನಾದರೋ ಯಾವ ಯಾತ್ರಿಕನೂ ತೆಗೆಯಬಲ್ಲ. ಮಳೆ ಬಿಸಿಲುಗಳಿಗೆ ತೆರೆದು ನಿಂತ ಶಿಲೆಯ ಸವೆತವನ್ನು ಮುಂದಿನವರು ಅಳೆಯುವುದು ಇಂಥ ಚಿತ್ರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟೇ ಆದ್ದರಿಂದ, ಬೆಳಕಿಗಾಗಿ ಕಾದು ತೆಗೆದ ಒಂದು ಚಿತ್ರವೂ ಸಂರಕ್ಷಣೆಯ ಕಾರ್ಯವೇ ಆಗುತ್ತದೆ.