ವಾಲಿದ ಹೊಲದ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹಿರಿಯರು ನೆಲವನ್ನು ಎಕರೆ, ಸೆಂಟುಗಳಲ್ಲಿ ಹೇಳುವುದುಂಟು. ನೂರು ಸೆಂಟಿಗೆ ಒಂದು ಎಕರೆ. 1953ರವರೆಗೆ ಈ ಭಾಗ ಮದರಾಸು ರಾಜ್ಯಕ್ಕೆ ಸೇರಿದ್ದುದರ ಗುರುತು ಅದು. ಆದರೆ ಅಣ್ಣತಮ್ಮಂದಿರು ಮನೆಯೊಳಗೇ ಪಾಲು ಮಾಡಿಕೊಳ್ಳುವಾಗ ಸರ್ವೆಯ ಸರಪಳಿ ಬರುತ್ತಿರಲಿಲ್ಲ, ಹಗ್ಗವೇ ಪ್ರಮಾಣವಾಗಿತ್ತು.

ಕೂಡ್ಲಿಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ದೊಡ್ಡಪ್ಪನಿಗೂ ಅಪ್ಪನಿಗೂ ಹೊಲ ಪಾಲಾದದ್ದು ಹೀಗೆಯೇ. ಹಗ್ಗ ಐವತ್ತು ಅಡಿಯದು. ದೊಡ್ಡಪ್ಪನ ಪಾಲು ಬದಿಗೆ ಐದು ಹಗ್ಗದ ನೇರ ಚೌಕ. ಅದಕ್ಕೆ ಹೊಂದಿಕೊಂಡ ಅಪ್ಪನ ಪಾಲಿನ ಬದಿಗಳೂ ಐದೈದು ಹಗ್ಗವೇ. ಬಂಡಿದಾರಿ ಓರೆಯಾಗಿ ಹಾದುಹೋದದ್ದರಿಂದ ಅದು ತುಸು ವಾಲಿಕೊಂಡಿತ್ತು. ಎರಡಕ್ಕೂ ಸುತ್ತಳತೆ ಇಪ್ಪತ್ತು ಹಗ್ಗ. ಸರಿಪಾಲಾಯಿತೆಂದು ಹಿರಿಯರು ಎದ್ದರು. ನಮ್ಮ ಹೊಲಕ್ಕೆ ಬೀಜ ಕಡಿಮೆ ಹಿಡಿಯುತ್ತದೆಂದು ಅವ್ವ ಮಾತ್ರ ವರ್ಷವರ್ಷವೂ ಹೇಳುತ್ತಿದ್ದಳು. ಹೊಟ್ಟೆಕಿಚ್ಚಿನ ಮಾತೆಂದು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಪ್ರೌಢಶಾಲೆಯಲ್ಲಿದ್ದಾಗ ಮೇಷ್ಟರು ವಜ್ರಾಕೃತಿಯ ಪಾಠ ಮಾಡಿದರು. ನಾಲ್ಕು ಬದಿಗಳೂ ಸಮನಾದ ಚತುರ್ಭುಜವೇ ವಜ್ರಾಕೃತಿ. ಅದರ ಎದುರುಬದುರು ಕೋನಗಳು ಸಮ. ಅಕ್ಕಪಕ್ಕದ ಎರಡು ಕೋನಗಳು ಕೂಡಿದರೆ 180 ಡಿಗ್ರಿ. ಆದ್ದರಿಂದ ಒಂದು ಕೋನ ತಿಳಿದರೆ ನಾಲ್ಕೂ ತಿಳಿದಂತೆ. ಮೂಲೆಯಿಂದ ಮೂಲೆಗೆ ಎಳೆದ ಕರ್ಣಗಳು ಒಂದನ್ನೊಂದು ಲಂಬವಾಗಿ, ಸರಿಯಾಗಿ ನಡುವೆ ಕತ್ತರಿಸುತ್ತವೆ. ಎರಡು ಕರ್ಣಗಳನ್ನು ಗುಣಿಸಿ ಅರ್ಧ ಮಾಡಿದರೆ ವಿಸ್ತೀರ್ಣ. ಆ ಚಿತ್ರವನ್ನು ಹಲಗೆಯ ಮೇಲೆ ಕಂಡಾಗ ನನಗೆ ಕಂಡದ್ದು ನಮ್ಮ ಹೊಲ.

ಭಾನುವಾರ ತಮ್ಮನನ್ನು ಕರೆದುಕೊಂಡು ಹೋಗಿ ಕರ್ಣಗಳನ್ನು ಅಳೆದೆ. ಒಂದು ಎಂಟು ಹಗ್ಗ, ಇನ್ನೊಂದು ಆರು. ಅವುಗಳ ಅರ್ಧ ನಾಲ್ಕು ಮತ್ತು ಮೂರು. ಹೊಲದ ಬದಿ ಐದು. ಮೂರರ ವರ್ಗಕ್ಕೆ ನಾಲ್ಕರ ವರ್ಗ ಕೂಡಿದರೆ ಐದರ ವರ್ಗ. ಅಳತೆ ತಪ್ಪಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಆರನ್ನು ಎಂಟರಿಂದ ಗುಣಿಸಿ ಅರ್ಧಿಸಿದರೆ 24 ಚದರ ಹಗ್ಗ. ದೊಡ್ಡಪ್ಪನ ಚೌಕ 25. ಒಂದು ಚದರ ಹಗ್ಗವೆಂದರೆ 2,500 ಚದರ ಅಡಿ, ಅಂದರೆ ಐದು ಮುಕ್ಕಾಲು ಸೆಂಟಿನಷ್ಟು ನೆಲ. ಕೋನಗಳನ್ನೂ ಕೋಷ್ಟಕ ನೋಡಿ ತೆಗೆದೆ: ಕಿರಿದು ಸುಮಾರು 74 ಡಿಗ್ರಿ, ಹಿರಿದು ಸುಮಾರು 106. ಲಂಬಕೋನದಿಂದ ಹದಿನಾರು ಡಿಗ್ರಿ ವಾಲಿದ್ದಕ್ಕೆ ಇಪ್ಪತ್ತೈದರಲ್ಲಿ ಒಂದು ಪಾಲು ನಷ್ಟವಾಗಿತ್ತು. ಅವ್ವನ ಬೀಜದ ಲೆಕ್ಕ ಸುಳ್ಳಾಗಿರಲಿಲ್ಲ.

ಹಿರಿಯರ ತಪ್ಪು ಹೊಸದಲ್ಲವೆಂದು ನನಗೆ ಮುಂದೆ ತಿಳಿಯಿತು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಕ್ಷೇತ್ರಗಣಿತದಲ್ಲಿ ಅವನು ವ್ಯಾವಹಾರಿಕ ಫಲ, ಸೂಕ್ಷ್ಮ ಫಲ ಎಂದು ಎರಡು ಬಗೆಯನ್ನು ಬೇರ್ಪಡಿಸುತ್ತಾನೆ. ಎದುರು ಬದಿಗಳ ಸರಾಸರಿಗಳನ್ನು ಗುಣಿಸುವುದು ಒರಟು ಲೆಕ್ಕ. ನಮ್ಮ ಹೊಲಕ್ಕೆ ಅದು 25 ಎಂದೇ ಹೇಳುತ್ತದೆ. 1150ರಲ್ಲಿ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ಇನ್ನೂ ಖಂಡಿತವಾಗಿ ನುಡಿದ. ಬದಿಗಳು ಅವೇ ಇದ್ದರೂ ಕರ್ಣಗಳು ಬದಲಾಗಬಲ್ಲವು. ಆದ್ದರಿಂದ ಒಂದು ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ಫಲ ಕೇಳುವವನನ್ನೂ, ಹಾಗೆ ಕೇಳಿದ್ದಕ್ಕೆ ಉತ್ತರಿಸುವವನನ್ನೂ ಅವನು ಗದರಿಸುತ್ತಾನೆ. ಅವನ ಉದಾಹರಣೆಯಲ್ಲಿ ಪ್ರತಿ ಬದಿ 25. ಕರ್ಣಗಳು 30 ಮತ್ತು 40 ಆದರೆ ಫಲ 600. ಅವೇ 14 ಮತ್ತು 48 ಆದರೆ 336. ನೇರ ಚೌಕವಾದರೆ 625. ಸುತ್ತಳತೆ ಮೂರಕ್ಕೂ ನೂರೇ. ಮೊದಲನೆಯದು ನಮ್ಮ ಹೊಲದ ಪಡಿಯಚ್ಚೆಂದು ಕಂಡಾಗ ನಾನು ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಅಂದು ಅಪ್ಪ ನನ್ನ ಲೆಕ್ಕ ಕೇಳಿ ಮಾತಾಡಲಿಲ್ಲ. ಮರುದಿನ ದೊಡ್ಡಪ್ಪನನ್ನು ಹೊಲಕ್ಕೆ ಕರೆದೊಯ್ದು, “ಅಣ್ಣಾ, ಹಗ್ಗದ ತುದಿ ನೀನೇ ಹಿಡಿ” ಎಂದ. ದೊಡ್ಡಪ್ಪ ತನ್ನ ಚೌಕದ ಕರ್ಣಗಳನ್ನು ಅಳೆದ. ಎರಡೂ ಏಳು ಹಗ್ಗಕ್ಕಿಂತ ಮೂರೂವರೆ ಅಡಿ ಹೆಚ್ಚು, ಸರಿಸಮ. ನಮ್ಮದರ ಕರ್ಣಗಳನ್ನು ಎರಡು ಸಲ ಅಳೆದ. ಬಹಳ ಹೊತ್ತಿನ ಮೇಲೆ, “ಹುಡುಗ, ಇದನ್ನು ಸರಿಮಾಡುವುದು ಹೇಗೆ ಹೇಳು” ಎಂದು ನನ್ನನ್ನೇ ಕೇಳಿದ. ಎರಡೂ ಸೇರಿ 49, ತಲಾ ಇಪ್ಪತ್ತನಾಲ್ಕೂವರೆ. ದಾಟಬೇಕಾದದ್ದು ಅರ್ಧ ಚದರ ಹಗ್ಗ. ನಡುವಣ ಬದುವಿನ ಉದ್ದ ಐದು ಹಗ್ಗವಾದ್ದರಿಂದ ಅದನ್ನು ಹಗ್ಗದ ಹತ್ತನೆಯ ಒಂದು ಪಾಲು, ಅಂದರೆ ಐದಡಿ ಸರಿಸಿದರೆ ಸಾಕು. ಮುಂಗಾರಿಗೆ ಮೊದಲೇ ಬದು ಸರಿಯಿತು. ಕಲ್ಲು ಹೊತ್ತವರು ಅಣ್ಣತಮ್ಮಂದಿರಿಬ್ಬರೇ.

ಮನೆ ಕಟ್ಟುವ ಗೌಂಡಿ ಪಾಯದ ಗುರುತು ಹಾಕಿದ ಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುತ್ತಾನೆ. ನಾಲ್ಕು ಬದಿ ಸರಿಯಿದ್ದರೂ ಅವನಿಗೆ ನಂಬಿಕೆಯಿಲ್ಲ. ನೆಲ ಹಂಚಿಕೊಳ್ಳುವವರು ಆ ಒಂದು ದಾರವನ್ನು ಮರೆಯದಿದ್ದರೆ, ಅವ್ವನಂಥವರು ವರ್ಷವರ್ಷವೂ ಬೀಜವನ್ನು ಎಣಿಸಬೇಕಾಗುವುದಿಲ್ಲ.

(ಬಾನುಲಿ ಭಾಷಣ)