ನಿಮಗಿದು ಗೊತ್ತೆ? ಅಡಿಕೆ ತೋಟಕ್ಕೆ ಚೌಡಮ್ಮನ ಕಾವಲು!

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆ-ತೋಟಗಳಿಗೆ ನಾಯಿಗಿಂತ ಬಿಗಿ ಕಾವಲು ಒಂದು ಪುಟ್ಟ ಬೋರ್ಡು. ಇಲ್ಲಿ ಸಿಗಂದೂರು ಚೌಡಮ್ಮನ ಕಾವಲಿದೆ ಎಂದು ಬರೆದು ನೇತುಹಾಕಿದರೆ ಕಳ್ಳ ಅಡಿಕೆಗೊನೆ ಮುಟ್ಟಲು ಅಂಜುತ್ತಾನೆಂಬ ನಂಬಿಕೆ. ದೇವಿಯ ನೆಲೆ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಬದಿಯಲ್ಲಿ.

ಪಶ್ಚಿಮ ಆಫ್ರಿಕಾದಲ್ಲೂ ಇದೇ ಉಪಾಯ! ನೈಜೀರಿಯಾದ ಯೊರುಬಾ ಜನ ಹೊಲದಲ್ಲಿ, ಸೌದೆರಾಶಿಯ ಮೇಲೆ ಹರಕು ಚಪ್ಪಲಿ, ಪೊರಕೆ, ಕೆಂಪು ಬಟ್ಟೆಚೂರು ಕಟ್ಟುತ್ತಾರೆ. ಅದಕ್ಕೆ ‘ಆಲೆ’ ಎನ್ನುತ್ತಾರೆ. ಕದ್ದವನಿಗೆ ಕೇಡು ಖಚಿತ ಎಂಬ ಎಚ್ಚರಿಕೆಯದು. ಬರಹ ಬೇಕಿಲ್ಲ, ಕಳ್ಳನಿಗೆ ಅರ್ಥವಾಗುತ್ತದೆ.

ಪತ್ತೇದಾರಿ ಕಾದಂಬರಿಕಾರರು ಇಂಥ ಭಯದ ಸರಕು ಬಿಟ್ಟಾರೆಯೇ? ಘಾನಾದಲ್ಲಿ ಹುಟ್ಟಿದ ಕ್ವೇ ಕ್ವಾರ್ಟಿ 2009ರಲ್ಲಿ ಪ್ರಕಟಿಸಿದ ‘ವೈಫ್ ಆಫ್ ದಿ ಗಾಡ್ಸ್’ನಲ್ಲಿ ಪತ್ತೇದಾರ ಡಾರ್ಕೊ ಡಾಸನ್, ಮಾಟಕ್ಕೆ ಹೆದರುವ ಹಳ್ಳಿಯೊಂದರಲ್ಲಿ ವೈದ್ಯ ವಿದ್ಯಾರ್ಥಿನಿಯ ಕೊಲೆಗಾರನನ್ನು ಹುಡುಕುತ್ತಾನೆ.