ಸಾವಿರ ಗಜದ ಈಡು: ನಂಬಿಕೆ ಮತ್ತು ನಿಜ

ಅಮೆರಿಕದ ಐಡಾಹೊ, ಮೊಂಟಾನಾ, ವಯೋಮಿಂಗ್ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು ಎಲ್ಕ್ ಬೇಟೆಯಾಡಬಹುದು. ಎಲ್ಕ್ ಎಂದರೆ ನಮ್ಮ ಕಡವೆಯ ದಾಯಾದಿ. ಕಣಿವೆಯ ಈಚೆ ಮಲಗಿ ಆಚೆಯ ಎಲ್ಕನ್ನು ಉರುಳಿಸುವ ವಿಡಿಯೊಗಳನ್ನು ಇಲ್ಲಿಯವರೂ ಬೆರಗಿನಿಂದ ನೋಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಷಿಕಾರಿಗೆ ತೆರೆ ಎಳೆಯಿತು. ಆ ವಿಡಿಯೊಗಳ ನಂಬಿಕೆಗಳು ಮಾತ್ರ ಇಲ್ಲಿಗೂ ಬಂದಿವೆ.

ನಂಬಿಕೆ: ರೈಫಲ್ ಒಳ್ಳೆಯದಿದ್ದರೆ ದೂರ ಒಂದು ಲೆಕ್ಕವೇ ಅಲ್ಲ.

ಅರ್ಧ ನಿಜ. ನೂರು ಗಜದಲ್ಲಿ ಒಂದಂಗುಲದೊಳಗೆ ಗುಂಡು ಕೂರಿಸುವ ರೈಫಲ್, ಐನೂರು ಗಜದಲ್ಲಿ ಸುಮಾರು ಐದಂಗುಲದೊಳಗೆ ಕೂರಿಸೀತು. ಎಲ್ಕ್‌ನ ಹೃದಯ, ಶ್ವಾಸಕೋಶಗಳಿರುವ ಜಾಗ ಒಂದಡಿಗೂ ಅಗಲ. ಲೇಸರ್ ಯಂತ್ರ ದೂರ ಅಳೆದು ಕೊಡುತ್ತದೆ, ಗುಂಡು ಎಷ್ಟು ಇಳಿಯುತ್ತದೋ ಅಷ್ಟಕ್ಕೆ ಸ್ಕೋಪಿನ ತಿರುಪು ತಿರುಗಿಸಿದರಾಯಿತು. ಸಿಕ್ಕಿಬೀಳುವುದು ಗಾಳಿಯಲ್ಲಿ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 6.5 ಕ್ರೀಡ್‌ಮೂರ್‌ನಂಥ ಹೆಸರಾಂತ ಗುಂಡನ್ನೂ 500 ಗಜದಲ್ಲಿ ಒಂದಡಿಗಿಂತ ಹೆಚ್ಚು, 1000 ಗಜದಲ್ಲಿ ಐದಡಿಯ ಆಸುಪಾಸು ಪಕ್ಕಕ್ಕೆ ತಳ್ಳುತ್ತದೆ. ಷಿಕಾರಿಯ ಕೆನ್ನೆಗೆ ತಾಗುವ ಗಾಳಿ ಒಂದು, ಕಣಿವೆಯ ನಡುವೆ ಬೀಸುವುದು ಇನ್ನೊಂದು, ಎಲ್ಕ್ ನಿಂತ ಇಳಿಜಾರಿನಲ್ಲಿ ಮೇಲೇರುವುದು ಮತ್ತೊಂದು. ಹುಲ್ಲು ಬಾಗುವುದನ್ನು ನೋಡಿ ಅಂದಾಜು ಹಾಕಬೇಕು. ಅಂದಾಜು ಗಂಟೆಗೆ ಐದು ಮೈಲಿಯಷ್ಟು ತಪ್ಪಿದರೂ ಎದೆಗೆ ಹೊರಟ ಗುಂಡು ಹೊಟ್ಟೆಗೆ ಬೀಳಬಹುದು. ಹೊಟ್ಟೆಗೆ ಏಟು ತಿಂದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ.

ನಂಬಿಕೆ: ಈಡಿನ ಸದ್ದು ಕೇಳಿ ಪ್ರಾಣಿ ಜಿಗಿಯುವುದೇ ತೊಂದರೆ.

ಗುಂಡು ಸದ್ದಿಗಿಂತ ಮೊದಲೇ ತಲುಪುತ್ತದೆ. ಆದರೆ 500 ಗಜ ದಾಟಲು ಅದಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿದ್ದ ಎಲ್ಕ್ ಯಾವ ಅನುಮಾನವೂ ಇಲ್ಲದೆ ಒಂದು ಹೆಜ್ಜೆ ಮುಂದಿಟ್ಟರೆ ಮುಗಿಯಿತು. ಕಬ್ಬಿಣದ ಗುರಿಫಲಕ ಹೆಜ್ಜೆ ಇಡುವುದಿಲ್ಲವಲ್ಲ!

ನಂಬಿಕೆ: ದೊಡ್ಡ ಗುಂಡು ಎಲ್ಲಿ ತಗುಲಿದರೂ ಸಾಕು.

ಬೇಟೆಯ ಗುಂಡು ಒಳಹೊಕ್ಕು ಅಣಬೆಯಂತೆ ಅರಳಬೇಕು. ದೂರ ಹೆಚ್ಚಿ ವೇಗ ತೀರಾ ಇಳಿದರೆ ಅದು ಅರಳದೆ ಸಣ್ಣ ತೂತು ಕೊರೆದು ಹೊರಬರುತ್ತದೆ.

ನಂಬಿಕೆ: ಗುರಿ ತಪ್ಪಿದರೆ ಪ್ರಾಣಿ ಬದುಕಿಕೊಂಡಿತು.

ಎಲ್ಲಕ್ಕಿಂತ ಅಪಾಯದ ಮಾತು ಇದೇ. ಅಷ್ಟು ದೂರದಿಂದ ತಗುಲಿತೋ ತಪ್ಪಿತೋ ತಿಳಿಯುವುದೇ ಕಷ್ಟ. ಕಣಿವೆ ಇಳಿದು ಹತ್ತಿ ಆಚೆ ಸೇರುವಷ್ಟರಲ್ಲಿ ಅದು ನಿಂತಿದ್ದ ಪೊದೆ ಯಾವುದೆಂಬುದೇ ಮರೆತಿರುತ್ತದೆ. ಮೊದಲ ಕೆಲವು ಮಾರು ರಕ್ತದ ಹನಿಯೂ ಕಾಣದಿರಬಹುದು, ಒಂದಷ್ಟು ಕೂದಲು ಸಿಕ್ಕರೆ ಪುಣ್ಯ. ಇಲ್ಲೇ ಎಷ್ಟೋ ಮಂದಿ ‘ತಪ್ಪಿತು’ ಎಂದುಕೊಂಡು ವಾಪಸಾಗುವುದು. ಸಾಹಿತಿ ತೇಜಸ್ವಿಯವರ ಅನುವಾದದ ಮೂಲಕ ಬೇಟೆಗಾರ ಕಾರ್ಬೆಟ್‌ರನ್ನು ಓದಿದವರಿಗೆ ಗಾಯಾಳು ಪ್ರಾಣಿಯ ಕಥೆ ಹೊಸದಲ್ಲ. 436 ಜನರನ್ನು ಕೊಂದಿತೆನ್ನಲಾದ ಚಂಪಾವತ್‌ನ ಹೆಣ್ಣುಹುಲಿಯನ್ನು ಕಾರ್ಬೆಟ್ 1907ರಲ್ಲಿ ಹೊಡೆದಾಗ, ಅದರ ಬಲಬದಿಯ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದವು.

ನಂಬಿಕೆ: ಕಾನೂನು ತಡೆಯದಿದ್ದರೆ ತಪ್ಪೇನು?

ಐಡಾಹೊದಲ್ಲಿ 16 ಪೌಂಡ್ ಮೀರಿದ ರೈಫಲ್‌ನಿಂದ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವಂತಿಲ್ಲ. ಅದು ತೂಕಕ್ಕೆ ಹಾಕಿದ ಮಿತಿ, ದೂರಕ್ಕಲ್ಲ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಎಂಬ ಬೇಟೆಗಾರರ ಕ್ಲಬ್ ಕೂಡ ಇಷ್ಟೇ ಗಜ ಎಂದು ಗೆರೆ ಎಳೆದಿಲ್ಲ. ಸಲಕರಣೆಯನ್ನೋ ಗುರಿಕಾರಿಕೆಯನ್ನೋ ಪರೀಕ್ಷಿಸಲು ಹೊಡೆಯುವುದು ಬೇಟೆಯಲ್ಲ ಎಂಬುದು ಅದರ ನಿಲುವು. ಗಜದ ಲೆಕ್ಕ ಬಿಟ್ಟದ್ದು ಸರಿಯೆಂದೇ ನನಗೆ ತೋರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ನೆಲಕ್ಕೆ ಮಲಗಿ 400 ಗಜಕ್ಕೆ ಹೊಡೆಯಬಲ್ಲವನೇ, ಗುಡ್ಡ ಹತ್ತಿ ಏದುಸಿರು ಬಿಡುತ್ತ ನಿಂತಾಗ 200 ಗಜಕ್ಕೂ ಕೋವಿ ಇಳಿಸಬೇಕಾದೀತು.